ಗಲ್ಲಾದಲ್ಲಿ ಕೂತು ಪ್ಯಾಕೆಟ್ ಹಿಡಿಯುವುದು

(ಮುಂಬೈಯ ಮಾಟುಂಗದಲ್ಲಿ ಒಂದು ಭಾನುವಾರ ಕನ್ನಡದ ಗೆಳೆಯರ ಸಣ್ಣ ಕೂಟದಲ್ಲಿ ಆಡಿದ ಮಾತು ಇದು. ಪ್ಯಾಕೆಟ್ ಅಂದರೆ ನೆಟ್‌ವರ್ಕಿನಲ್ಲಿ ಓಡಾಡುವ ಮಾಹಿತಿಯ ಸಣ್ಣ ತುಂಡು, ಅದನ್ನು ಹಿಡಿದು ನೋಡುವುದು ಹೇಗೆ ಅನ್ನುವುದೇ ವಿಷಯ. ತೆರೆಯ ಮೇಲೆ ತೋರಿಸಿದ್ದನ್ನೆಲ್ಲ ಇಲ್ಲಿ ಮಾತಿನಲ್ಲೇ ಹೇಳಬೇಕಾಗಿ ಬಂದಿದೆ. ಕಮಾಂಡ್‌ಗಳನ್ನು ನಾವು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ. ಮೈನಸ್ ಐ ಅಂದರೆ ಒಂದು ಸಣ್ಣ ಅಡ್ಡಗೆರೆ, ಅದಕ್ಕೆ ಅಂಟಿಕೊಂಡು ಐ ಅಕ್ಷರ.)

ಎಲ್ಲರಿಗೂ ನಮಸ್ಕಾರ. ಹಳಿ ರಿಪೇರಿಗೆ ಲೋಕಲ್ ಟ್ರೈನ್ ನಿಲ್ಲಿಸುವ ಮೆಗಾ ಬ್ಲಾಕ್ ಇದ್ದರೂ ಇಷ್ಟು ಜನ ಬಂದಿದ್ದೀರಿ. ಡೊಂಬಿವಲಿಯಿಂದ ಬಂದವರಿಗೆ ಮೊದಲು ಚಾ ಕೊಡಿ, ಪಾಪ ನಿಂತುಕೊಂಡೇ ಬಂದಿರುತ್ತಾರೆ.

ಶುರು ಮಾಡುವ ಮುಂಚೆ ಒಂದು ಹೋಟೆಲ್ ಕತೆ. ನನ್ನ ಮಾವ ಕುಂದಾಪುರದ ಕಡೆಯವರು. ಮುಲುಂಡ್‌ನಲ್ಲಿ ಅವರದ್ದೊಂದು ಉಡುಪಿ ಹೋಟೆಲ್, ಹದಿನಾಲ್ಕು ಟೇಬಲ್. ಗಲ್ಲಾದ ಮೇಲೆ ಒಂದು ಹಳೇ ಕಂಪ್ಯೂಟರ್ ಇದೆ. ಅದಕ್ಕೆ ಡೆಬಿಯನ್ ಅನ್ನುವ ಲಿನಕ್ಸ್ ಹಾಕಿಕೊಟ್ಟವನು ನಾನೇ ಆದ್ದರಿಂದ ಆ ಹೋಟೆಲಿನಲ್ಲಿ ಏನು ಕೆಟ್ಟರೂ, ಹಿಟ್ಟಿನ ಗ್ರೈಂಡರ್ ಕೆಟ್ಟರೂ, ಫೋನ್ ಬರುವುದು ನನಗೇ. ಗಲ್ಲಾದಲ್ಲಿ ಆರ್ಡರ್ ಒತ್ತಿದರೆ ಅಡುಗೆಮನೆಯ ಸಣ್ಣ ಪ್ರಿಂಟರಿನಲ್ಲಿ ಕೆಓಟಿ, ಅಂದರೆ ಭಟ್ಟರಿಗೆ ಹೋಗುವ ಆರ್ಡರ್ ಚೀಟಿ, ಬರಬೇಕು. ಒಂದು ದಿನ ಮಾವ ಫೋನ್ ಮಾಡಿದರು. "ಬೆಳಿಗ್ಗೆ ಇಡ್ಲಿ ಹೊತ್ತಿಗೆ ಸರಿ ಇರ್ತದೆ ಮಾರಾಯ. ಊಟದ ರಶ್ ಶುರುವಾದ ಕೂಡ್ಲೇ ಚೀಟಿ ಬರುವುದೇ ನಿಲ್ತದೆ. ನೀನು ಕಂಪ್ಯೂಟರ್ ಕಲ್ತವ ಅಲ್ವಾ, ಒಮ್ಮೆ ಬಂದು ನೋಡು."

ಪ್ರಿಂಟರ್ ಮಾರಿದವರು ನೆಟ್‌ವರ್ಕ್ ಸರಿ ಇಲ್ಲ ಅಂದಿದ್ದರು. ನೆಟ್ ಹಾಕಿದವರು ಪ್ರಿಂಟರ್ ಸರಿ ಇಲ್ಲ ಅಂದಿದ್ದರು. ಮಾವ ಇಬ್ಬರನ್ನೂ ನಂಬಿ ಕೇಬಲ್ ಎರಡು ಸಲ ಬದಲಾಯಿಸಿದ್ದರು. ಇಂಥ ಹೊತ್ತಿಗೆ ಬೇಕಾಗುವುದೇ ಪ್ಯಾಕೆಟ್ ಹಿಡಿಯುವ ಸಾಫ್ಟ್‌ವೇರ್. ಇವರು ಏನಂತಾರೆ, ಅವರು ಏನಂತಾರೆ ಅನ್ನುವುದನ್ನು ಬದಿಗಿಟ್ಟು, ತಂತಿಯ ಮೇಲೆ ನಿಜವಾಗಿ ಏನು ಹೋಯಿತು, ಏನು ಬಂತು ಅಂತ ಕಣ್ಣಾರೆ ನೋಡುವುದು.

ಈ ಸಾಫ್ಟ್‌ವೇರ್ ಹುಟ್ಟಿದ್ದೂ ಇಂಥದ್ದೇ ಒಂದು ಕಿರಿಕಿರಿಯ ಕಾಲದಲ್ಲಿ. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬಿಗೂ ಪಕ್ಕದ ಬರ್ಕ್ಲಿ ಯೂನಿವರ್ಸಿಟಿಗೂ ನಡುವಿನ ನೆಟ್ ಇದ್ದಕ್ಕಿದ್ದ ಹಾಗೆ ತೆವಳತೊಡಗಿತು. ಸೆಕೆಂಡಿಗೆ 32 ಸಾವಿರ ಬಿಟ್ ಹೋಗುತ್ತಿದ್ದ ಕಡೆ ಬರೀ 40 ಬಿಟ್. ಎರಡು ಜಾಗಗಳ ನಡುವೆ ಇದ್ದದ್ದು 400 ಗಜ. ಮಾಟುಂಗ ಸ್ಟೇಷನ್ನಿನಿಂದ ಕಿಂಗ್ಸ್ ಸರ್ಕಲ್‌ಗೆ ನಡೆಯುವಷ್ಟೂ ದೂರ ಇಲ್ಲ, ಚೀಟಿ ಬರೆದು ಹುಡುಗನ ಕೈಲಿ ಕಳಿಸಿದ್ದರೆ ಬೇಗ ತಲುಪುತ್ತಿತ್ತು. ಲ್ಯಾಬಿನ ವ್ಯಾನ್ ಜೇಕಬ್‌ಸನ್ ಇದರ ಹಿಂದೆ ಬಿದ್ದರು. ಟಿಸಿಪಿ, ಅಂದರೆ ಡೇಟಾವನ್ನು ತಪ್ಪದೆ ತಲುಪಿಸುವ ನೆಟ್ಟಿನ ನಿಯಮ, ದಟ್ಟಣೆಯಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನುವ ಪಾಠ ಅಲ್ಲಿಂದ ಬಂತು. ಅದೇ ಲ್ಯಾಬಿನಲ್ಲಿ, ಟಿಸಿಪಿಯನ್ನು ನೋಡಿ ತಿಳಿದು ಸುಧಾರಿಸುವ ಕೆಲಸದ ಭಾಗವಾಗಿ, 1988ರಲ್ಲಿ ಅವರು, ಕ್ರೇಗ್ ಲೆರೆಸ್ ಮತ್ತು ಸ್ಟೀವನ್ ಮೆಕ್ಯಾನ್ ಸೇರಿ ಟಿಸಿಪಿಡಂಪ್ ಅನ್ನುವ ಪ್ಯಾಕೆಟ್ ಹಿಡಿಯುವ ಪ್ರೋಗ್ರಾಂ ಬರೆದರು. ಪ್ಯಾಕೆಟ್ ಹಿಡಿಯುವ ಭಾಗವನ್ನು ಆಮೇಲೆ ಬೇರೆ ತೆಗೆದು ಲಿಬ್‌ಪಿಕ್ಯಾಪ್ ಅನ್ನುವ ಲೈಬ್ರರಿ ಮಾಡಿದರು. ಜೆರಾಲ್ಡ್ ಕೋಂಬ್ಸ್ 1998ರಲ್ಲಿ ಹೊರತಂದ ಈಥೀರಿಯಲ್, ಅಂದರೆ 2006ರಿಂದ ನಾವು ವೈರ್‌ಶಾರ್ಕ್ ಅಂತ ಕರೆಯುವುದು, ಅದಕ್ಕೂ ಅಡಿಪಾಯ ಇದೇ ಲೈಬ್ರರಿ. ಹೋಟೆಲಿನ ಹಿಟ್ಟಿನ ಹಾಗೆ. ದೋಸೆ, ಉತ್ತಪ್ಪ ಏನೇ ಕೇಳಿ, ಹಿಟ್ಟು ಒಂದೇ.

ಹಾಕಿಕೊಳ್ಳುವುದು ಐದು ನಿಮಿಷದ ಕೆಲಸ. ಡೆಬಿಯನ್, ಉಬುಂಟು ಆದರೆ ಏಪಿಟಿ ಇನ್‌ಸ್ಟಾಲ್ ಟಿಸಿಪಿಡಂಪ್. ಫೆಡೋರಾ ಕಡೆಯವರಿಗೆ ಡಿಎನ್ಎಫ್. ಮ್ಯಾಕ್‌ನಲ್ಲಿ, ಫ್ರೀಬಿಎಸ್‌ಡಿಯಲ್ಲಿ, ಓಪನ್‌ಬಿಎಸ್‌ಡಿಯಲ್ಲಿ ಅದು ಮೊದಲೇ ಇರುತ್ತದೆ. ಹಳೇ ಸೋಲಾರಿಸ್ ಪೆಟ್ಟಿಗೆ ಯಾರಾದರೂ ಇನ್ನೂ ಸಾಕುತ್ತಿದ್ದರೆ ಅಲ್ಲಿ ಸ್ನೂಪ್ ಅಂತ ಬೇರೆಯೇ ಇದೆ, ಅದರ ಫೈಲನ್ನು ವೈರ್‌ಶಾರ್ಕ್ ಓದುತ್ತದೆ, ಚಿಂತೆ ಇಲ್ಲ.

ಸೋರ್ಸಿನಿಂದಲೇ, ಅಂದರೆ ಮೂಲ ಕೋಡಿನಿಂದಲೇ, ಕಟ್ಟುತ್ತೇನೆ ಅನ್ನುವ ಹಟದವರು ಒಬ್ಬಿಬ್ಬರು ಯಾವಾಗಲೂ ಇರುತ್ತಾರೆ, ನಾನೂ ಹಿಂದೆ ಅದೇ ಗುಂಪು. ಅವರಿಗೆ ಇಷ್ಟೇ: ಮೊದಲು ಲಿಬ್‌ಪಿಕ್ಯಾಪ್, ಆಮೇಲೆ ಟಿಸಿಪಿಡಂಪ್. ಉಲ್ಟಾ ಮಾಡಿದರೆ ಕಾನ್ಫಿಗರ್ ಹಂತದಲ್ಲೇ ಲೈಬ್ರರಿ ಸಿಗಲಿಲ್ಲ ಅಂತ ನಿಲ್ಲುತ್ತದೆ. ಲಿಬ್‌ಪಿಕ್ಯಾಪ್‌ಗೆ ಫ್ಲೆಕ್ಸ್ ಮತ್ತು ಬೈಸನ್ ಅನ್ನುವ ಎರಡು ಸಾಧನ ಬೇಕು, ಯಾಕೆಂದರೆ ಫಿಲ್ಟರ್, ಅಂದರೆ ಯಾವ ಪ್ಯಾಕೆಟ್ ಬೇಕು ಅನ್ನುವ ಷರತ್ತು, ಬರೆಯುವ ಪುಟ್ಟ ಭಾಷೆಗೆ ಒಳಗೆ ಒಂದು ಕಂಪೈಲರೇ ಇದೆ. ಎಲ್ಲ ಆದ ಮೇಲೆ ಓಡಿಸಿದರೆ ಶೇರ್ಡ್ ಲೈಬ್ರರಿ ತೆರೆಯಲು ಆಗಲಿಲ್ಲ ಅಂತ ಬೈಯುತ್ತದೆ, ಆಗ ಗಾಬರಿ ಬೇಡ, ರೂಟ್, ಅಂದರೆ ಮಶೀನಿನ ಪೂರ್ತಿ ಅಧಿಕಾರ ಇರುವ ಯೂಸರ್, ಆಗಿ ಒಮ್ಮೆ ಎಲ್‌ಡಿಕಾನ್ಫಿಗ್ ಓಡಿಸಿ. ಇನ್ನೊಂದು, ಮಶೀನಿನಲ್ಲಿ ಈಗ ಎರಡು ಟಿಸಿಪಿಡಂಪ್ ಇರಬಹುದು, ಡಿಸ್ಟ್ರೋ, ಅಂದರೆ ಡೆಬಿಯನ್ನಿನಂಥ ಲಿನಕ್ಸ್ ಬಗೆ, ಕೊಟ್ಟದ್ದು ಒಂದು, ನೀವು ಕಟ್ಟಿದ್ದು ಇನ್ನೊಂದು. ಮೈನಸ್ ಮೈನಸ್ ವರ್ಷನ್ ಅಂತ ಕೇಳಿದರೆ ತನ್ನ ವರ್ಷನ್ನೂ ಹೇಳುತ್ತದೆ, ತಾನು ಯಾವ ಲಿಬ್‌ಪಿಕ್ಯಾಪ್ ಬಳಸುತ್ತಿದ್ದೇನೆ ಅಂತಲೂ ಹೇಳುತ್ತದೆ. ಅದನ್ನು ನೋಡದೆ ಒಂದು ಇಡೀ ಸಂಜೆ ನಾನು ತಪ್ಪು ಟಿಸಿಪಿಡಂಪ್ ಜೊತೆ ಜಗಳ ಆಡಿದ್ದುಂಟು.

ತಲೆನೋವು ಶುರುವಾಗುವುದು ಇನ್‌ಸ್ಟಾಲ್ ಆದ ಮೇಲೆ. ಮೊದಲನೇ ಪ್ರಶ್ನೆ, ಹಿಡಿಯುವ ಹಕ್ಕು ಯಾರಿಗೆ? ಯೂನಿಕ್ಸ್, ಅಂದರೆ ಲಿನಕ್ಸ್, ಬಿಎಸ್‌ಡಿ, ಮ್ಯಾಕ್ ಇವೆಲ್ಲದರ ಮನೆತನ, ಇದನ್ನು ಸುಮ್ನೆ ಯಾರಿಗೂ ಕೊಡುವುದಿಲ್ಲ, ಕೊಡಬಾರದು ಕೂಡ. ಒಂದೇ ಮಶೀನನ್ನು ಹತ್ತು ಜನ ಬಳಸುವ ಕಾಲದಲ್ಲಿ ಹುಟ್ಟಿದ ವ್ಯವಸ್ಥೆ ಅದು. ನನ್ನ ಪಾಸ್‌ವರ್ಡನ್ನು ನೀವು ಹಿಡಿದುಕೊಂಡರೆ? ಲಿನಕ್ಸ್‌ನಲ್ಲಿ ರೂಟ್ ಆಗಿರಬೇಕು, ಅಥವಾ ಆ ಪ್ರೋಗ್ರಾಮಿಗೆ ಕ್ಯಾಪ್ ನೆಟ್ ರಾ, ಕ್ಯಾಪ್ ನೆಟ್ ಅಡ್ಮಿನ್ ಅನ್ನುವ ಎರಡು ಅಧಿಕಾರ ಕೊಟ್ಟಿರಬೇಕು. ಬಿಎಸ್‌ಡಿ ಮತ್ತು ಮ್ಯಾಕ್‌ನಲ್ಲಿ ಡೆವ್ ಡೈರೆಕ್ಟರಿಯೊಳಗೆ ಬಿಪಿಎಫ್ ಅನ್ನುವ ಫೈಲ್ ಇರುತ್ತದೆ, ಅದನ್ನು ಓದುವ ಪರ್ಮಿಷನ್ ಇದ್ದವರಿಗೆ ಪ್ಯಾಕೆಟ್ ಸಿಗುತ್ತದೆ. ಇದು ನನಗೆ ತುಂಬಾ ಇಷ್ಟ. ಬಾಗಿಲು ಅನ್ನುವುದು ಒಂದು ಫೈಲ್, ಬೀಗ ಅನ್ನುವುದು ಆ ಫೈಲಿನ ಪರ್ಮಿಷನ್.

ಹಾಗಾದರೆ ಸುಡೋ ಹಾಕಿ, ಅಂದರೆ ರೂಟ್ ಅಧಿಕಾರದಲ್ಲಿ, ವೈರ್‌ಶಾರ್ಕ್ ಓಡಿಸಿದರಾಯಿತು ಅಲ್ವಾ ಅಂತ ಮುಂದಿನ ಸಾಲಿನಲ್ಲಿ ಒಬ್ಬರು ಕೇಳಿದರು. ಬೇಡ. ದಯವಿಟ್ಟು ಬೇಡ. ವೈರ್‌ಶಾರ್ಕ್ ಒಳಗೆ ಸಾವಿರಾರು ಪ್ರೋಟೊಕಾಲ್‌ಗಳನ್ನು ಬಿಡಿಸಿ ಓದುವ ಕೋಡ್ ಇದೆ. ಆ ಕೋಡಿಗೆ ಊಟವಾಗಿ ಹೋಗುವುದು ಯಾರೋ ಎಲ್ಲಿಂದಲೋ ಕಳಿಸಿದ ಪ್ಯಾಕೆಟ್. ಅದರಲ್ಲೊಂದು ತೂತು ಇದ್ದು, ಕಿಡಿಗೇಡಿಯೊಬ್ಬ ಅದಕ್ಕೆ ತಕ್ಕ ಪ್ಯಾಕೆಟ್ ತಯಾರಿಸಿ ಕಳಿಸಿದ ಅಂದುಕೊಳ್ಳಿ, ನೀವು ರೂಟ್ ಆಗಿ ಕೂತಿದ್ದರೆ ಮನೆಯ ಎಲ್ಲ ಕೀಲಿಕೈ ಅವನ ಕೈಗೆ. ಅದಕ್ಕೇ ವೈರ್‌ಶಾರ್ಕ್ ಬರೆದವರು ಕೆಲಸವನ್ನು ಎರಡು ಮಾಡಿದ್ದಾರೆ. ಡಂಪ್‌ಕ್ಯಾಪ್ ಅನ್ನುವ ಚಿಕ್ಕ ಪ್ರೋಗ್ರಾಂ ಹಿಡಿಯುತ್ತದೆ, ಅಧಿಕಾರ ಅದಕ್ಕೆ ಮಾತ್ರ. ದೊಡ್ಡದು ಸುಮ್ನೆ ಸಾಮಾನ್ಯ ಯೂಸರ್ ಆಗಿ ಕೂತು ಓದುತ್ತದೆ.

ಡೆಬಿಯನ್‌ನಲ್ಲಿ ವೈರ್‌ಶಾರ್ಕ್ ಹಾಕುವಾಗ ಒಂದು ನೀಲಿ ಪರದೆ ಬರುತ್ತದೆ, ರೂಟ್ ಅಲ್ಲದವರೂ ಪ್ಯಾಕೆಟ್ ಹಿಡಿಯಬಹುದಾ ಅಂತ ಕೇಳುತ್ತದೆ. ಮೊದಲೇ ಆರಿಸಿಟ್ಟ ಉತ್ತರ 'ಇಲ್ಲ'. ನಾವೆಲ್ಲ ಓದದೆ ಎಂಟರ್ ಒತ್ತುವವರು. ಆಮೇಲೆ ವೈರ್‌ಶಾರ್ಕ್ ತೆರೆದರೆ ಇಂಟರ್‌ಫೇಸ್ ಪಟ್ಟಿ, ಅಂದರೆ ನೆಟ್‌ವರ್ಕ್ ಕಾರ್ಡ್‌ಗಳ ಪಟ್ಟಿ, ಇರಬೇಕಾದ ಕಡೆ ಏನೂ ಇಲ್ಲ, ಕಾರ್ಡೇ ಹಾಳಾಗಿದೆ ಅಂದುಕೊಳ್ಳುತ್ತೇವೆ. ಸರಿ ಮಾಡುವುದು ಸುಲಭ. ಡಿಪಿಕೆಜಿ ರೀಕಾನ್ಫಿಗರ್ ವೈರ್‌ಶಾರ್ಕ್ ಕಾಮನ್, ಈ ಸಲ ಹೌದು ಅನ್ನಿ. ನಂತರ ನಿಮ್ಮ ಯೂಸರನ್ನು ವೈರ್‌ಶಾರ್ಕ್ ಅನ್ನುವ ಗ್ರೂಪಿಗೆ ಸೇರಿಸಿ. ಸೇರಿಸಿದ ಮೇಲೆ ಒಮ್ಮೆ ಲಾಗ್ ಔಟ್ ಆಗಿ ಮತ್ತೆ ಒಳಗೆ ಬನ್ನಿ, ಇಲ್ಲದಿದ್ದರೆ ಹಳೇ ಸೆಷನ್ನಿಗೆ ಹೊಸ ಗ್ರೂಪಿನ ಸುದ್ದಿಯೇ ಗೊತ್ತಿರುವುದಿಲ್ಲ. ಇಲ್ಲಿ ಎಡವದವರನ್ನು ನಾನು ಇನ್ನೂ ನೋಡಿಲ್ಲ.

ಟಿಸಿಪಿಡಂಪ್‌ನಲ್ಲೂ ಇದೇ ಜಾತಿಯ ಒಂದು ವಿಚಿತ್ರ ಇದೆ. ಸುಡೋ ಹಾಕಿ ಓಡಿಸುತ್ತೀರಿ, ನೀವು ರೂಟ್. ಆದರೂ ಫೈಲ್ ಬರೆಯಲು ಹೋದರೆ ಪರ್ಮಿಷನ್ ಡಿನೈಡ್! ರೂಟಿಗೇ ಇಲ್ಲ ಅನ್ನುತ್ತದಾ ಅಂತ ತಲೆ ಕೆರೆದುಕೊಳ್ಳುತ್ತೇವೆ. ಆಗುವುದು ಏನೆಂದರೆ, ಎಷ್ಟೋ ಡಿಸ್ಟ್ರೋಗಳಲ್ಲಿ ಅದು ಕಾರ್ಡನ್ನು ತೆರೆದ ತಕ್ಷಣ ರೂಟ್ ಅಂಗಿ ಕಳಚಿಟ್ಟು ಟಿಸಿಪಿಡಂಪ್ ಅನ್ನುವ ಬಡ ಯೂಸರ್ ಆಗಿಬಿಡುತ್ತದೆ, ಫೈಲ್ ತೆರೆಯುವುದು ಅದಾದ ಮೇಲೆ. ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಬರೆಯಲು ಆ ಬಡಪಾಯಿಗೆ ಹಕ್ಕಿಲ್ಲ. ಟೆಂಪ್ ಡೈರೆಕ್ಟರಿಗೆ ಬರೆಸಿ, ಸರಿಹೋಗುತ್ತದೆ. ಮೈನಸ್ ದೊಡ್ಡ ಝಡ್ ರೂಟ್ ಅಂತಲೂ ಹಾಕಬಹುದು, ಆದರೆ ಕಳಚಿದ ಅಂಗಿಯನ್ನು ಮತ್ತೆ ತೊಡಿಸಿದ ಹಾಗಾಯಿತು.

ಎರಡನೇ ಪ್ರಶ್ನೆ ಎಲ್ಲಿ ನಿಂತು ಹಿಡಿಯುತ್ತೀರಿ ಅನ್ನುವುದು. ನನ್ನ ಪ್ರಕಾರ ದೊಡ್ಡದು ಇದೇ. ಮಾವನ ಗಲ್ಲಾ ನೋಡಿ. ಅಲ್ಲಿ ಕೂತರೆ ಎದುರು ಬಾಗಿಲಿನಿಂದ ಬಂದವರು, ಹೋದವರು, ಬಿಲ್ ಕೊಡದೆ ಜಾರುವವರು ಎಲ್ಲ ಕಾಣುತ್ತಾರೆ. ಹಿಂದಿನ ಬಾಗಿಲಿನಿಂದ ಹಾಲಿನವನು ಬಂದನಾ, ಭಟ್ಟರು ಬೀಡಿಗೆ ಹೋದರಾ, ಅದು ಕಾಣುವುದಿಲ್ಲ. ತಂತಿಗಳನ್ನು ಕೂಡಿಸಲು ಹಬ್ ಅನ್ನುವ ಪೆಟ್ಟಿಗೆ ಇದ್ದ ಕಾಲದಲ್ಲಿ ಒಬ್ಬರು ಮಾತಾಡಿದರೆ ಎಲ್ಲರ ಕಿವಿಗೂ ಬೀಳುತ್ತಿತ್ತು, ಕಾರ್ಡನ್ನು ಪ್ರಾಮಿಸ್ಕ್ಯುಯಸ್ ಮೋಡಿಗೆ, ಅಂದರೆ ತನ್ನದಲ್ಲದ್ದನ್ನೂ ಕೇಳುವ ಸ್ಥಿತಿಗೆ, ಹಾಕಿ ಕೂತರೆ ಇಡೀ ಆಫೀಸಿನ ಸಂತೆ ಕೇಳುತ್ತಿತ್ತು. ಅದರ ಜಾಗಕ್ಕೆ ಬಂದಿರುವ ಈಗಿನ ಸ್ವಿಚ್ ಹಾಗಲ್ಲ. ಯಾರ ಪ್ಯಾಕೆಟ್ ಯಾವ ತಂತಿಗೋ ಅಲ್ಲಿಗೆ ಮಾತ್ರ ಕಳಿಸುತ್ತದೆ. ನಿಮಗೆ ಬರುವುದು ನಿಮ್ಮದು ಮತ್ತು ಎಲ್ಲರಿಗೂ ಕೂಗಿ ಹೇಳುವ ಬ್ರಾಡ್‌ಕಾಸ್ಟ್, ಅಷ್ಟೇ. ಬೇರೆ ಇಬ್ಬರ ನಡುವಿನ ಮಾತು ಕೇಳಬೇಕಾದರೆ ಸ್ವಿಚ್ಚಿನಲ್ಲಿ ಆ ಮಾತಿನ ನಕಲು ಕಳಿಸುವ ಮಿರರ್ ಪೋರ್ಟ್ ಹಾಕಿಸಬೇಕು, ಅಥವಾ ಆ ಇಬ್ಬರಲ್ಲಿ ಒಬ್ಬರ ಮಶೀನಿನಲ್ಲೇ ಕೂರಬೇಕು.

ಮಾವನ ಹೋಟೆಲಿನಲ್ಲಿ ನನ್ನ ಅದೃಷ್ಟ, ಗಲ್ಲಾದ ಕಂಪ್ಯೂಟರೇ ಆ ಇಬ್ಬರಲ್ಲಿ ಒಂದು. ಚೀಟಿ ಕಳಿಸುವುದು ಅದೇ.

ಹನ್ನೆರಡೂವರೆಗೆ ಹೋಗಿ ಕೂತೆ. ಮಾವ ಎದ್ದು ಜಾಗ ಕೊಟ್ಟರು, ದುಡ್ಡಿನ ಡ್ರಾಯರಿಗೆ ಬೀಗ ಹಾಕಿದ ಮೇಲೆ. ಮೊದಲು ಟಿಸಿಪಿಡಂಪ್ ಮೈನಸ್ ದೊಡ್ಡ ಡಿ, ಯಾವ ಯಾವ ಇಂಟರ್‌ಫೇಸ್ ಇವೆ ಅಂತ ಪಟ್ಟಿ. ಆಮೇಲೆ ಮೈನಸ್ ಐ ಹಾಕಿ ತಂತಿಯ ಕಾರ್ಡಿನ ಹೆಸರು. ಜೊತೆಗೆ ಮೈನಸ್ ಎನ್, ಇದು ಮರೆಯಬೇಡಿ. ಇದಿಲ್ಲದಿದ್ದರೆ ಪ್ರತಿ ಐಪಿ ವಿಳಾಸಕ್ಕೂ ಹೆಸರು ಹುಡುಕಲು ಟಿಸಿಪಿಡಂಪೇ ಡಿಎನ್ಎಸ್‌ಗೆ, ಅಂದರೆ ನೆಟ್ಟಿನ ಹೆಸರು-ವಿಳಾಸದ ಪುಸ್ತಕಕ್ಕೆ, ಕೇಳತೊಡಗುತ್ತದೆ, ಕಳ್ಳನನ್ನು ಹುಡುಕಲು ಬಂದ ಪೊಲೀಸನೇ ರಸ್ತೆ ಜಾಮ್ ಮಾಡಿದ ಹಾಗೆ. ಮೈನಸ್ ಈ ಹಾಕಿದರೆ ಮ್ಯಾಕ್ ವಿಳಾಸವೂ, ಅಂದರೆ ಕಾರ್ಡಿನ ಗುರುತಿನ ಸಂಖ್ಯೆಯೂ (ಮ್ಯಾಕ್ ಕಂಪ್ಯೂಟರಿಗೆ ಸಂಬಂಧ ಇಲ್ಲ), ಕಾಣುತ್ತದೆ, ಅದೂ ಬೇಕಿತ್ತು. ಕೊನೆಯಲ್ಲಿ ಫಿಲ್ಟರ್: ಹೋಸ್ಟ್ 192.168.1.105 ಆರ್ ಎಆರ್‌ಪಿ. ಆ 105 ಪ್ರಿಂಟರಿನ ವಿಳಾಸ.

ಈ ಫಿಲ್ಟರ್ ಬಗ್ಗೆ ಒಂದು ಮಾತು. ಅದು ಎಲ್ಲವನ್ನೂ ಹಿಡಿದು ಆಮೇಲೆ ಬೇಡದ್ದನ್ನು ಬಿಸಾಡುವುದಲ್ಲ. ನೀವು ಬರೆದ ಸಾಲು ಒಂದು ಪುಟ್ಟ ಪ್ರೋಗ್ರಾಂ ಆಗಿ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಅದರ ಒಳಗೆ ಹೋಗಿ ಬಾಗಿಲಲ್ಲೇ ನಿಲ್ಲುತ್ತದೆ, ಬೇಡದ ಪ್ಯಾಕೆಟ್‌ಗಳು ಟಿಸಿಪಿಡಂಪ್‌ವರೆಗೆ ಬರುವುದೇ ಇಲ್ಲ. ಮೆಕ್ಯಾನ್ ಮತ್ತು ಜೇಕಬ್‌ಸನ್ 1993ರಲ್ಲಿ ಇದರ ಬಗ್ಗೆ ಪ್ರಬಂಧ ಮಂಡಿಸಿದರು, ಹೆಸರು ಬಿಪಿಎಫ್. ಈಗ ಲಿನಕ್ಸ್‌ನಲ್ಲಿ ಎಲ್ಲರೂ ಇಬಿಪಿಎಫ್, ಇಬಿಪಿಎಫ್ ಅಂತಾರಲ್ವಾ, ಅದು ಈ ಮರದ ಕೊಂಬೆಯೇ. ಮೈನಸ್ ಸಣ್ಣ ಡಿ ಹಾಕಿದರೆ ಆ ಪುಟ್ಟ ಪ್ರೋಗ್ರಾಂ ತೆರೆಯ ಮೇಲೆ ಬರುತ್ತದೆ. ಮನೆಗೆ ಹೋಗಿ ಒಮ್ಮೆ ನೋಡಿ.

ಸರಿ, ಹೋಟೆಲಿಗೆ ಬರೋಣ. ಒಂದು ಗಂಟೆಗೆ ರಶ್ ಶುರು. ಮಾವ ಟೇಬಲ್ ಆರಕ್ಕೆ ಎರಡು ಊಟ ಒತ್ತಿದರು. ತೆರೆಯ ಮೇಲೆ ಗಲ್ಲಾದ ಕಂಪ್ಯೂಟರ್ ಕೂಗಿತು, 105 ಯಾರು, ನನಗೆ ಹೇಳಿ. ಎಆರ್‌ಪಿ ಅಂದರೆ ಇದೇ ಕೂಗು. ಉತ್ತರ ಬಂತು, 105 ನಾನು. ಅದರ ಹಿಂದೆಯೇ ಇನ್ನೊಂದು ಉತ್ತರ, 105 ನಾನು. ಎರಡು ಉತ್ತರ, ಎರಡು ಬೇರೆ ಮ್ಯಾಕ್ ವಿಳಾಸ. ಮುಂದಿನ ಸಾಲಿನಲ್ಲಿ ಪೋರ್ಟ್ 9100ಕ್ಕೆ, ಅಂದರೆ ಆ ವಿಳಾಸದ ಒಂದು ಬಾಗಿಲಿನ ನಂಬರಿಗೆ, ಕನೆಕ್ಷನ್ ಕೇಳಿ ಎಸ್ ಗುರುತಿನ ಪ್ಯಾಕೆಟ್ ಹೋಯಿತು, ಈ ಪ್ರಿಂಟರ್‌ಗಳು ಸಾಮಾನ್ಯವಾಗಿ ಕಿವಿಗೊಟ್ಟು ಕೂರುವುದು ಆ ಪೋರ್ಟಿನಲ್ಲಿ. ಬಂದದ್ದು ಆರ್ ಗುರುತು, ಅಂದರೆ ರೀಸೆಟ್. ಇಲ್ಲಿ ಅಂಥವರು ಯಾರೂ ಇಲ್ಲ, ಹೋಗು ಅಂದ ಹಾಗೆ. ಪ್ರಿಂಟರ್ ಹಾಗೆ ಯಾಕೆ ಹೇಳುತ್ತದೆ? ಹೇಳಿದ್ದು ಪ್ರಿಂಟರಲ್ಲ, ಎರಡನೆಯವನು. ಅವನ ಮ್ಯಾಕ್ ವಿಳಾಸ ಶುರುವಾಗುವುದು ಡಿಎ ಅಂತ. ಎರಡನೇ ಅಕ್ಷರ 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಅದು ಕಾರ್ಖಾನೆಯಲ್ಲಿ ಕೊಟ್ಟ ವಿಳಾಸ ಅಲ್ಲ, ಆಮೇಲೆ ಕಟ್ಟಿಕೊಂಡದ್ದು. ಈಗಿನ ಫೋನ್‌ಗಳು ವೈಫೈಗೆ ಸೇರುವಾಗ ಹಾಗೆ ವೇಷ ಹಾಕಿಕೊಂಡು ಬರುತ್ತವೆ. ಅಂದರೆ ಹೋಟೆಲಿಗೆ ಬಂದ ಯಾರದೋ ಫೋನ್!

ಉಳಿದದ್ದು ಬಿಚ್ಚಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಪ್ರಿಂಟರಿಗೆ 105 ಅಂತ ಕೈಯಾರೆ ಬರೆದಿಟ್ಟಿದ್ದರು. ರೂಟರ್ ಮಾತ್ರ 100ರಿಂದ 199ರವರೆಗೆ ಬಂದವರಿಗೆಲ್ಲ ವಿಳಾಸ ಹಂಚುತ್ತಿತ್ತು, 105 ಒಬ್ಬರಿಗೆ ಹೋಗಿದೆ ಅಂತ ಅದಕ್ಕೆ ಹೇಳಿದವರಿಲ್ಲ. ಗಿರಾಕಿಗಳ ವೈಫೈಯೂ ಅದೇ ನೆಟ್‌ವರ್ಕಿನಲ್ಲಿ. ಬೆಳಿಗ್ಗೆ ಟಿಫಿನ್ ಮುಗಿದ ಮೇಲೆ ಭಟ್ಟರು ಎಕ್ಸಾಸ್ಟ್ ಫ್ಯಾನ್ ಆರಿಸುತ್ತಾರೆ, ಪ್ರಿಂಟರಿನ ಪ್ಲಗ್ ಇರುವುದೂ ಅದೇ ಕರೆಂಟ್ ಸ್ವಿಚ್ಚಿನಲ್ಲಿ. ಆ ಒಂದೂವರೆ ಗಂಟೆ 105 ಖಾಲಿ. ಅಷ್ಟರಲ್ಲಿ ಯಾರದೋ ಫೋನ್ ಬಂದು ಕೂರುತ್ತದೆ, ಊಟದ ಹೊತ್ತಿಗೆ ಫ್ಯಾನ್ ಹಾಕಿದಾಗ ಪ್ರಿಂಟರ್ ಎದ್ದು ನನ್ನ ಸೀಟು ಅನ್ನುತ್ತದೆ. ನಮ್ಮ ಲೋಕಲ್ ಟ್ರೈನಿನ ಕರ್ಚೀಫ್ ಹಾಕಿದ ಸೀಟಿನ ಜಗಳ, ಬೇರೇನಲ್ಲ. ಪ್ರಿಂಟರನ್ನು 20ಕ್ಕೆ ಎತ್ತಿ ಹಾಕಿದೆ, ಗಿರಾಕಿಗಳಿಗೆ ಗೆಸ್ಟ್ ವೈಫೈ ಬೇರೆ ಮಾಡಿದೆ. ಮಾವ ಕೇಳಿದರು, "ಇಷ್ಟೇಯಾ?" ಸ್ವಲ್ಪ ಬೇಜಾರಾದ ಹಾಗೆ ಕಂಡಿತು, ಎರಡು ಕೇಬಲ್ಲಿನ ದುಡ್ಡು ನೆನಪಾಗಿರಬೇಕು.

ಈಗ ನೀವು ಹಿಡಿಯುವಾಗ ಹೆದರಿಸುವ ಒಂದೆರಡು ಸಂಗತಿ. ನಿಮ್ಮ ಮಶೀನಿನಿಂದ ಹೊರಗೆ ಹೋಗುವ ಪ್ಯಾಕೆಟ್‌ಗಳಲ್ಲಿ ಚೆಕ್‌ಸಮ್, ಅಂದರೆ ಡೇಟಾ ಕೆಟ್ಟಿಲ್ಲ ಅಂತ ತಾಳೆ ನೋಡುವ ಸಂಖ್ಯೆ, ತಪ್ಪು ಅಂತ ಸಾಲು ಸಾಲಾಗಿ ಬರಬಹುದು. ಸಾಮಾನ್ಯವಾಗಿ ಅದು ತಪ್ಪಲ್ಲ. ಚೆಕ್‌ಸಮ್ ಲೆಕ್ಕ ಹಾಕುವುದನ್ನು ಕರ್ನಲ್ ಈಗ ಕಾರ್ಡಿಗೆ ಬಿಟ್ಟುಬಿಡುತ್ತದೆ, ನೀವು ನೋಡುತ್ತಿರುವುದು ಕಾರ್ಡಿಗೆ ತಲುಪುವ ಮುಂಚಿನ ರೂಪ. ಹಾಗೇ ಸಾಮಾನ್ಯ ಮಿತಿಯಾದ 1500 ಬೈಟಿಗಿಂತ ಎಷ್ಟೋ ದೊಡ್ಡ ಪ್ಯಾಕೆಟ್ ಕಂಡರೂ ಅದೇ ಕಾರಣ, ತುಂಡು ಮಾಡುವ ಕೆಲಸವೂ ಕಾರ್ಡಿನದ್ದೇ. ದೂರದ ಸರ್ವರಿಗೆ ಎಸ್ಎಸ್ಎಚ್‌ನಲ್ಲಿ, ಅಂದರೆ ನೆಟ್ಟಿನ ಮೂಲಕ ಲಾಗಿನ್ ಆಗಿ, ಹೋಗಿ ಹಿಡಿಯುವಾಗ ಎಸ್ಎಸ್ಎಚ್‌ನ ಪೋರ್ಟನ್ನು ಬಿಡಲು ನಾಟ್ ಪೋರ್ಟ್ 22 ಅಂತ ಸೇರಿಸಿ. ಇಲ್ಲದಿದ್ದರೆ ತೆರೆಗೆ ಬರುವ ಪ್ರತಿ ಸಾಲೂ ಇನ್ನೊಂದು ಪ್ಯಾಕೆಟ್, ಆ ಪ್ಯಾಕೆಟ್ಟಿಗೆ ಇನ್ನೊಂದು ಸಾಲು, ಕನ್ನಡಿಯ ಎದುರು ಕನ್ನಡಿ ಇಟ್ಟ ಹಾಗೆ.

ಮುಗಿದಾಗ ಕೊನೆಯಲ್ಲಿ ಲೆಕ್ಕ ಕೊಡುತ್ತದೆ, ಎಷ್ಟು ಹಿಡಿದೆ, ಕರ್ನಲ್ ಎಷ್ಟು ಬಿಟ್ಟಿತು ಅಂತ. ಆ ಬಿಟ್ಟದ್ದರ ಸಂಖ್ಯೆ ಸೊನ್ನೆ ಇಲ್ಲದಿದ್ದರೆ ನಿಮ್ಮ ಸಾಕ್ಷಿಯಲ್ಲಿ ತೂತಿದೆ. ಮೈನಸ್ ದೊಡ್ಡ ಬಿ ಹಾಕಿ ಬಫರ್, ಅಂದರೆ ಪ್ಯಾಕೆಟ್‌ಗಳು ಕಾಯುವ ಜಾಗ, ಹೆಚ್ಚಿಸಿ, ತೆರೆಗೆ ಬದಲು ಮೈನಸ್ ಡಬ್ಲ್ಯು ಹಾಕಿ ಫೈಲಿಗೆ ಬರೆಸಿ. ಫೈಲ್ ಬೆಳೆಯುವ ವೇಗದ ಅಂದಾಜೂ ಇರಲಿ. 100 ಮೆಗಾಬಿಟ್ಟಿನ ತಂತಿ ಪೂರ್ತಿ ತುಂಬಿ ಹರಿದರೆ ಸೆಕೆಂಡಿಗೆ 12.5 ಮೆಗಾಬೈಟ್, ಗಂಟೆಗೆ 45 ಗಿಗಾಬೈಟ್. ರಾತ್ರಿ ಹಿಡಿಯಲು ಬಿಟ್ಟು ಮಲಗಿದರೆ ಬೆಳಿಗ್ಗೆ ಡಿಸ್ಕ್ ತುಂಬಿ ಸರ್ವರೇ ಮಲಗಿರುತ್ತದೆ. ಮೈನಸ್ ದೊಡ್ಡ ಸಿ 100, ಮೈನಸ್ ದೊಡ್ಡ ಡಬ್ಲ್ಯು 10 ಅಂತ ಹಾಕಿ, ಆಗ ಸುಮಾರು ನೂರು ನೂರು ಮೆಗಾಬೈಟಿನ ಹತ್ತೇ ಫೈಲ್. ಹತ್ತು ತುಂಬಿದ ಮೇಲೆ ಮೊದಲನೆಯದರ ಮೇಲೇ ಬರೆಯುತ್ತಾ ಹೋಗುತ್ತದೆ.

ಪ್ರಶ್ನೆಗಳ ಹೊತ್ತಿನಲ್ಲಿ ನಿರೀಕ್ಷಿಸಿದ್ದೇ ಬಂತು. ಇದರಿಂದ ಬೇರೆಯವರ ವಾಟ್ಸಾಪ್ ಓದಬಹುದಾ? ಆಗುವುದಿಲ್ಲ. ಸಂದೇಶ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಬೀಗ ಹಾಕಿಕೊಂಡೇ ಹೋಗುತ್ತದೆ. ಆದರೆ ಲಕೋಟೆ ಕಾಣುತ್ತದೆ. ಯಾವ ವಿಳಾಸಕ್ಕೆ, ಎಷ್ಟು ಹೊತ್ತಿಗೆ, ಎಷ್ಟು ದಪ್ಪ. ಡಿಎನ್ಎಸ್ ಬರಿಗೈಲಿ ಹೋಗುತ್ತಿದ್ದರೆ ಯಾವ ಸೈಟು ಅಂತಲೂ ಕಾಣುತ್ತದೆ. ಅಷ್ಟರಲ್ಲೇ ಒಬ್ಬ ಮನುಷ್ಯನ ದಿನಚರಿ ಬರೆಯಬಹುದು. ಅದಕ್ಕೇ ನಿಮ್ಮದಲ್ಲದ ನೆಟ್‌ವರ್ಕಿನಲ್ಲಿ ಒಡೆಯರ ಒಪ್ಪಿಗೆ ಇಲ್ಲದೆ ಹಿಡಿಯಬೇಡಿ, ಆಫೀಸಿನಲ್ಲಾದರೆ ಒಪ್ಪಿಗೆಯನ್ನು ಮೇಲ್‌ನಲ್ಲಿ ತೆಗೆದುಕೊಳ್ಳಿ. ಒಪ್ಪಿಗೆ ಇಲ್ಲದೆ ಡೇಟಾ ನಕಲು ಮಾಡುವುದು 2000ದ ಐಟಿ ಕಾಯ್ದೆಯ 43ನೇ ಸೆಕ್ಷನ್ನಿನಲ್ಲಿ ಬರುತ್ತದೆ, ಮೋಸದ ಉದ್ದೇಶ ಸೇರಿದರೆ 66ನೇ ಸೆಕ್ಷನ್, ಮೂರು ವರ್ಷದವರೆಗೆ ಜೈಲು.

ಕೊನೆಗೆ ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು, ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ, ಎದ್ದು ಕೇಳಿದರು. "ಅದೆಲ್ಲ ಸರಿ, ಆ ಫೋನ್ ಯಾರದ್ದು ಅಂತ ಗೊತ್ತಾಯ್ತಾ?"

ಗೊತ್ತಾಗಲಿಲ್ಲ ಸಾರ್. ಪತ್ತೆ ಮಾಡಬಹುದಿತ್ತು. ವಿಳಾಸ ಕೇಳುವಾಗ ಎಷ್ಟೋ ಫೋನ್‌ಗಳು ತಮ್ಮ ಹೆಸರನ್ನೂ ಹೇಳಿಕೊಳ್ಳುತ್ತವೆ, ಇಂಥವರ ಫೋನ್ ಅಂತ. ಅದು ಬರುವುದು ಪೋರ್ಟ್ 67ರಲ್ಲಿ, ನನ್ನ ಫಿಲ್ಟರಿನಲ್ಲಿ 67 ಇರಲಿಲ್ಲ. ತೆರೆಯ ಮೇಲೆ ನೋಡಿದ್ದು ಬಿಟ್ಟರೆ ಫೈಲಿಗೆ ಬರೆಸಿರಲೂ ಇಲ್ಲ. ಮಾವ ಮಾತ್ರ ಇವತ್ತಿಗೂ, ಕಿಟಕಿ ಪಕ್ಕದ ಟೇಬಲಿನಲ್ಲಿ ಒಂದು ಕಾಫಿಗೆ ಒಂದು ಗಂಟೆ ಕೂರುವ ಒಬ್ಬ ಗಿರಾಕಿ ಬಂದರೆ, ಅವನ ಫೋನನ್ನೇ ದುರುಗುಟ್ಟಿ ನೋಡುತ್ತಾರೆ.